ಅಂದೇ ಕೊಂಡಿದ್ದರೆ!

ಮುಂಬಯಿಯಲ್ಲಿ ನಾಲ್ಕು ಮಂದಿ ಹಿರಿಯರು ಸೇರಿದರೆಂದರೆ, ಮಾತು ಎಲ್ಲಿಂದ ಹೊರಟರೂ ಕೊನೆಗೆ ಒಂದೇ ನಿಲ್ದಾಣಕ್ಕೆ ಬಂದು ನಿಲ್ಲುವುದುಂಟು. ಅಂಧೇರಿಯಲ್ಲಿ ಇನ್ನೂ ಭತ್ತದ ಗದ್ದೆಗಳಿದ್ದಾಗ ನಾಲ್ಕು ಗುಂಟೆ ಹಿಡಿದಿದ್ದರೆ, ಚೆಂಬೂರು ಇನ್ನೂ ಊರ ಹೊರಗಿದ್ದಾಗ ಒಂದು ನಿವೇಶನ ಬರೆಸಿಕೊಂಡಿದ್ದರೆ, ಮಾಟುಂಗದಲ್ಲಿ ಕೇಳಿದಷ್ಟು ಪಗಡಿಯನ್ನು ಕಣ್ಣು ಮುಚ್ಚಿ ಕೊಟ್ಟು ಎರಡು ಖೋಲಿಯ ಮನೆ ಮಾಡಿದ್ದರೆ ಎಂಬುದೇ ಆ ನಿಲ್ದಾಣ. ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದು ನೆಲೆಸಿದ ನಮ್ಮವರಲ್ಲಿ ಇಂಥ ಒಂದಾದರೂ 'ಇದ್ದರೆ'ಯನ್ನು ಹೇಳದವರು ವಿರಳವೆನ್ನಬೇಕು.

ನೆಲದ ಹಳಹಳಿಕೆಯನ್ನು ವಾಚಕರು ಬೇಕಾದಷ್ಟು ಕೇಳಿದ್ದಾರೆ. ನಾನು ಇಲ್ಲಿ ಹೇಳಹೊರಟಿರುವುದು ಅದರ ಚಿಕ್ಕ ತಮ್ಮನ ವಿಷಯ. ಅಗ್ಗವಾಗಿ ಸಿಗುತ್ತಿದ್ದಾಗ ಕೊಳ್ಳದೆ ಬಿಟ್ಟ ಹಳೆಯ ಮೋಟಾರುಗಾಡಿಗಳ ವಿಷಯ. ಇದಕ್ಕೆ ನನಗೆ ಗುರುಗಳು ನನ್ನ ದೊಡ್ಡಪ್ಪನವರು. ಅವರು ಕುಂದಾಪುರದ ಕಡೆಯಿಂದ ೧೯೫೭ರಲ್ಲಿ, ಹದಿನೈದರ ಹರೆಯದಲ್ಲಿ, ಮುಂಬಯಿಗೆ ಬಂದವರು. ಹಗಲು ಫೋರ್ಟಿನ ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡದ ರಾತ್ರಿ ಶಾಲೆ. ಹೀಗೆ ಮೆಟ್ರಿಕ್ ಮುಗಿಸಿ ಒಂದು ಕಚೇರಿಯಲ್ಲಿ ಗುಮಾಸ್ತರಾದವರು. ಈಗ ಅವರಿಗೆ ಎಂಬತ್ತು ದಾಟಿದೆ. ಜೀವನದಲ್ಲಿ ಅವರಿಗೆ ಹೇಳಿಕೊಳ್ಳುವಂಥ ಕೊರತೆ ಏನೂ ಇಲ್ಲ. ಒಂದು ಪ್ಲಿಮತ್ ಕಾರನ್ನು ಬಿಟ್ಟು.

ಆ ಪ್ಲಿಮತ್ ೧೯೭೪ರ ಆರಂಭದಲ್ಲಿ ದಾದರಿನ ಪಾರ್ಸಿ ಕಾಲನಿಯಲ್ಲಿ ಮಾರಾಟಕ್ಕಿತ್ತು. ಕೇಳಿದ ಬೆಲೆ ೩,೫೦೦ ರೂಪಾಯಿ. ದೊಡ್ಡಪ್ಪ ಕೊಳ್ಳಲಿಲ್ಲ. ಅಂದಿನಿಂದ ಇಂದಿನವರೆಗೆ ಅರ್ಧ ಶತಮಾನ ಕಳೆದರೂ, ಹಬ್ಬದ ಊಟವಾದ ಬಳಿಕ ಎಲೆ ಅಡಿಕೆಯ ಜೊತೆಗೆ ಆ ಗಾಡಿ ಒಮ್ಮೆ ನಮ್ಮ ನಡುಮನೆಯಲ್ಲಿ ಹಾದುಹೋಗದೆ ಇರುವುದಿಲ್ಲ.

ಕಳೆದ ಚಳಿಗಾಲದ ಒಂದು ರವಿವಾರ ಅವರನ್ನೂ ದೊಡ್ಡಮ್ಮನನ್ನೂ ಬಾಡಿಗೆಯ ಕಾರಿನಲ್ಲಿ ಕುಳ್ಳಿರಿಸಿಕೊಂಡು, ಈ ಹಳಹಳಿಕೆಯ ಊರುಗಳನ್ನೆಲ್ಲ ಒಂದು ಸುತ್ತು ನೋಡಿಬರೋಣವೆಂದು ಹೊರಟೆ. ಮುಂಬಯಿಯಲ್ಲಿ ಹಳೆಯ ಮೋಟಾರುಗಳಿಗೆ ಒಂದು ಭೂಗೋಳವೇ ಉಂಟು. ಫೋರ್ಟಿನಲ್ಲಿ ಅವುಗಳ ಮೆರವಣಿಗೆ. ದಾದರ್ ಮಾಟುಂಗಗಳಲ್ಲಿ ಅವುಗಳ ಮನೆ. ಕುರ್ಲಾದಲ್ಲಿ ತೊಟ್ಟಿಲೂ ಮಸಣವೂ. ನಾವು ಮೆರವಣಿಗೆಯಿಂದ ಆರಂಭಿಸಿದೆವು.

ಹಾರ್ನಿಮನ್ ಸರ್ಕಲ್ ಎಂದರೆ ಏಷಿಯಾಟಿಕ್ ಸೊಸೈಟಿಯ ಬಿಳಿಯ ಮೆಟ್ಟಿಲುಗಳ ಎದುರಿಗಿರುವ ಹಸುರು ವೃತ್ತ. ವಾರದ ದಿನಗಳಲ್ಲಿ ಇಲ್ಲಿ ಗುಮಾಸ್ತರ ನೂಕುನುಗ್ಗಲು. ರವಿವಾರ ಬೆಳಿಗ್ಗೆ ಪಾರಿವಾಳಗಳ ರಾಜ್ಯ. ಚಳಿಗಾಲದಲ್ಲಿ ಹಳೆಯ ಕಾರುಗಳನ್ನು ಇಲ್ಲಿ ಸಾಲಾಗಿ ನಿಲ್ಲಿಸುವುದುಂಟು. ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಮೆರವಣಿಗೆಗಳು ಅನೇಕ ಸಲ ಇಲ್ಲಿಂದಲೇ ಹೊರಟಿವೆ. ನಾವು ಹೋದಾಗ ಹೊಳೆಯುವ ಕ್ರೋಮಿಯಂ ಮೂತಿಯ ಡಾಡ್ಜ್‌ಗಳು, ಬಾಲಕ್ಕೆ ರೆಕ್ಕೆ ಮೂಡಿದ ಇಂಪಾಲಾ, ದುಂಡು ಬೆನ್ನಿನ ಪುಟ್ಟ ಮಾರಿಸ್, ಹೀಗೆ ಹತ್ತಿಪ್ಪತ್ತು ಗಾಡಿಗಳು ಮದುವೆಯ ದಿಬ್ಬಣದಂತೆ ನಿಂತಿದ್ದವು. ಅವುಗಳಿಗಿಂತ ಹೆಚ್ಚು ಮಂದಿ ಫೋಟೋ ತೆಗೆಯುವ ತರುಣರು. ಅವರಲ್ಲಿ ಇಬ್ಬರು 'ಮಸಲ್ ಕಾರ್' ಎಂಬ ಮಾತನ್ನು ಮತ್ತೆ ಮತ್ತೆ ಆಡುತ್ತಿದ್ದರು.

ಈ ಮಾತಿನ ಅರ್ಥವನ್ನು ಒಂದಿಷ್ಟು ಬಿಡಿಸಿ ಹೇಳಬೇಕು. ಮಧ್ಯಮ ಗಾತ್ರದ ಸಾಧಾರಣ ಕಾರಿನ ಒಡಲಲ್ಲಿ ದೊಡ್ಡ ಕಾರಿನ ಭಾರಿ ಎಂಜಿನ್ನನ್ನು ಇಟ್ಟರೆ ಏನಾಗುತ್ತದೋ ಅದೇ ಮಸಲ್ ಕಾರು. ಗರಡಿಯಲ್ಲಿ ಪಳಗಿದ ಪೈಲ್ವಾನನೆನ್ನಿ. ಅಮೇರಿಕದಲ್ಲಿ ೧೯೬೪ರ ಪಾಂಟಿಯಾಕ್ ಜಿ.ಟಿ.ಓ. ಎಂಬ ಗಾಡಿಯನ್ನು ಈ ವಂಶದ ಮೂಲಪುರುಷನೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದರ ಎಂಟು ಸಿಲಿಂಡರುಗಳ ಎಂಜಿನ್ ೬.೪ ಲೀಟರಿನದು, ಬಲ ೩೨೫ ಕುದುರೆಗಳದು. ಅದೇ ಕಾಲದಲ್ಲಿ ನಮ್ಮ ಬೀದಿಗಳಲ್ಲಿ ಓಡುತ್ತಿದ್ದ ಫಿಯಾಟ್‌ಗೆ ೧,೦೮೯ ಸಿ.ಸಿ.ಯ ಎಂಜಿನ್. ಅಂದರೆ ಇಲ್ಲಿಯ ಸುಮಾರು ಆರು ಕಾರುಗಳ ಹೊಟ್ಟೆಯನ್ನು ಅಲ್ಲಿಯ ಒಂದೇ ಕಾರಿಗೆ ಇಟ್ಟಿದ್ದರು.

ಇಷ್ಟು ಬಲಶಾಲಿಗಳಾದರೂ ಅವುಗಳ ವೈಭವ ಹತ್ತು ವರ್ಷವೂ ನಡೆಯಲಿಲ್ಲ. ೧೯೭೩ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲಕ್ಕೆ ತಡೆ ಹಾಕಿದವು. ಪೀಪಾಯಿಗೆ ಮೂರು ಡಾಲರಿನಷ್ಟಿದ್ದ ಕಚ್ಚಾತೈಲ ಕೆಲವೇ ತಿಂಗಳಲ್ಲಿ ಹನ್ನೆರಡರ ಹತ್ತಿರಕ್ಕೆ ಏರಿತು. ಪೈಲ್ವಾನರನ್ನು ಸಾಕುವವರು ಯಾರು? ಅಮೇರಿಕದಲ್ಲಿ ಅವು ಮೂಲೆಯಂಗಡಿಗಳ ಅಂಗಳದಲ್ಲಿ ಕೇಳುವವರಿಲ್ಲದೆ ನಿಂತವು. ಕಾಲೇಜು ಹುಡುಗರು ಬೇಸಗೆ ರಜೆಯ ಕೂಲಿಯಿಂದ ಕೊಂಡು ಓಡಿಸಿ, ಗುದ್ದಿಸಿ ಬಿಸಾಡಿದರು. ಮುಂದೆ ಅದೇ ಗಾಡಿಗಳಿಗೆ ಮನೆಯ ಬೆಲೆ ಬಂದಾಗ, ಆ ಹುಡುಗರು ಮುದುಕರಾಗಿ 'ಅಂದೇ ಇಟ್ಟುಕೊಂಡಿದ್ದರೆ' ಎಂದು ಹಲುಬತೊಡಗಿದರು. ಆದುದರಿಂದ ಈ ರೋಗ ನಮ್ಮ ಮುಂಬಯಿಯದೊಂದೇ ಅಲ್ಲ.

ನಿಜವಾದ ಮಸಲ್ ಕಾರುಗಳು ನಮ್ಮಲ್ಲಿಗೆ ಬಂದದ್ದು ಬೆರಳೆಣಿಕೆಯಷ್ಟೇ. ಅದಕ್ಕೂ ಕಾರಣವುಂಟು. ಅಮೇರಿಕದ ಗಾಡಿಗಳಿಗೆ ಮುಂಬಯಿ ಅಪರಿಚಿತ ಊರೇನೂ ಆಗಿರಲಿಲ್ಲ. ಫೋರ್ಡ್ ಕಂಪೆನಿ ೧೯೨೬ರಲ್ಲೇ ಈ ದೇಶದಲ್ಲಿ ಕಾಲೂರಿತ್ತು. ಜನರಲ್ ಮೋಟರ್ಸ್‌ನವರು ೧೯೨೮ರಿಂದ ಇಲ್ಲಿಯ ಶಿವಡಿಯಲ್ಲಿ ಬಿಡಿಭಾಗಗಳನ್ನು ತರಿಸಿ ಷೆವ್ರೊಲೆಗಳನ್ನು ಜೋಡಿಸುತ್ತಿದ್ದರು. ಆದರೆ ಸ್ವಾತಂತ್ರ್ಯಾನಂತರ, ಇಲ್ಲಿಯೇ ಬಿಡಿಭಾಗಗಳನ್ನು ತಯಾರಿಸುವ ಯೋಜನೆಯಿದ್ದವರು ಮಾತ್ರ ಉಳಿಯಬಹುದೆಂದು ೧೯೫೩ರಲ್ಲಿ ಸರಕಾರ ನಿರ್ಧರಿಸಿತು. ಇಬ್ಬರೂ ಬಾಗಿಲು ಹಾಕಿದರು. ಆಮದು ಬಹುಮಟ್ಟಿಗೆ ನಿಂತಿತು. ಬಳಿಕ ಹೊಸ ವಿದೇಶಿ ಕಾರು ಬೇಕೆಂದವರು ರಾಯಭಾರ ಕಚೇರಿಯವರು ಬಳಸಿ ಬಿಟ್ಟದ್ದನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ನಿನ ಮೂಲಕ ಪಡೆಯಬೇಕು. ಹಾಗೆ ಬಂದ ಇಂಪಾಲಾಗಳು ಸಿನಿಮಾ ನಟರ ಬಂಗಲೆಗಳ ಮುಂದೆ ನಿಂತವು. ಉಳಿದವರ ಪಾಲಿಗೆ ಇದ್ದುದು ಹಿಂದಿನ ಕಾಲದ ಷೆವ್ರೊಲೆ, ಡಾಡ್ಜ್, ಡಿಸೋಟೊ, ಪ್ಲಿಮತ್‌ಗಳೇ. ಪೈಲ್ವಾನರಲ್ಲದಿದ್ದರೂ ಅವು ಪೈಲ್ವಾನರ ಸೋದರಮಾವಂದಿರು.

ಮೆರವಣಿಗೆಯ ಸಾಲಿನಲ್ಲಿ ಒಂದು ಪ್ಲಿಮತ್ ಇದ್ದೇ ಇತ್ತು. ದೊಡ್ಡಪ್ಪ ಅದರ ಸುತ್ತ ಪ್ರದಕ್ಷಿಣೆ ಬಂದರು. ಬಾನೆಟ್ಟಿನ ಮೇಲಿನ ಹಡಗಿನ ಲಾಂಛನವನ್ನು ಮುಟ್ಟಲು ಕೈ ಚಾಚಿ ಹಿಂದಕ್ಕೆಳೆದುಕೊಂಡರು. "ಕಾಣ್ ಮಾರಾಯ, ಹೀಗೆಯೇ ಇತ್ತು. ಬಣ್ಣ ಮಾತ್ರ ಕಪ್ಪು," ಎಂದರು. ದೊಡ್ಡಮ್ಮ ಮರದ ನೆರಳಿನಲ್ಲಿ ನಿಂತೇ, "ಇನ್ನೊಂದು ಸುತ್ತು ಬನ್ನಿ, ಮೂರಾಗಲಿ," ಎಂದರು.

ಅಲ್ಲಿಂದ ಫೈವ್ ಗಾರ್ಡನ್ಸ್‌ಗೆ ಬಂದೆವು. ಮಾಟುಂಗದ ನಮ್ಮವರಿಗೆ ಇದು ಸಂಜೆಯ ತಿರುಗಾಟದ ಜಾಗ. ಪಕ್ಕದಲ್ಲೇ ದಾದರಿನ ಪಾರ್ಸಿ ಕಾಲನಿ. ಇಲ್ಲಿಯ ಬೀದಿಗಳಲ್ಲಿ ಮರಗಳು ಹೆಚ್ಚು, ಗದ್ದಲ ಕಡಿಮೆ. ಕಟ್ಟಡಗಳ ಹಿಂದೆ ಮರದ ಬಾಗಿಲಿನ ಗ್ಯಾರೇಜುಗಳು. ಪಾರ್ಸಿಗಳು ಮೋಟಾರನ್ನು ಮನೆಯ ಮಗಳಂತೆ ನೋಡಿಕೊಳ್ಳುವರೆಂಬ ಕೀರ್ತಿ ಎಷ್ಟಿತ್ತೆಂದರೆ, ಮುಂಬಯಿಯ ಪತ್ರಿಕೆಗಳಲ್ಲಿ ಹಳೆಯ ಕಾರು ಮಾರುವವರು 'ಪಾರ್ಸಿಯವರದು' ಎಂದು ಜಾಹೀರಾತಿನಲ್ಲಿ ಸೇರಿಸುತ್ತಿದ್ದರು. ಆ ಒಂದು ಮಾತಿಗೆ ಗಿರಾಕಿಗಳು ನಾಲ್ಕು ಕಾಸು ಹೆಚ್ಚು ಕೊಡುತ್ತಿದ್ದರು.

ಅಂಥ ಮನೆಯವರೇ ಮಾರಲು ಹೊರಟರೆಂದರೆ ಕಾಲ ಎಷ್ಟು ಕೆಟ್ಟಿತ್ತೆಂದು ಊಹಿಸಬಹುದು. ತೈಲದ ಬೆಲೆಯೇರಿಕೆ ೧೯೭೩ರ ನವೆಂಬರಿನಲ್ಲಿ ನಮ್ಮ ಪೆಟ್ರೋಲ್ ಬಂಕುಗಳಿಗೂ ಬಂತು. ಅದನ್ನು ಪ್ರತಿಭಟಿಸಿ ಅಟಲ ಬಿಹಾರಿ ವಾಜಪೇಯಿಯವರು ದಿಲ್ಲಿಯಲ್ಲಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋದದ್ದು ಆಗಲೇ. ಎತ್ತಿನ ಗಾಡಿಗೆ ಮರ್ಯಾದೆ ಬಂದ ಆ ದಿನಗಳಲ್ಲಿ ೩.೬ ಲೀಟರಿನ ಪ್ಲಿಮತ್‌ಗೆ ಯಾವ ಮರ್ಯಾದೆ? ಕೆಲವರು ಅಮೇರಿಕದ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿದರು. ಹಲವು ಗಾಡಿಗಳು ದಾದರಿನಿಂದ ಪುಣೆಗೆ ಜನ ಹೊರುವ ಟ್ಯಾಕ್ಸಿಗಳಾಗಿ ಘಾಟಿ ಹತ್ತಿ ಇಳಿದು ಸವೆದವು. ಉಳಿದವು ಗುಜರಿಗೆ ಹೋದವು. ಮುಂದೆ ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಬಂದ ಮೇಲಂತೂ ದೊಡ್ಡ ಗಾಡಿ ಇರುವುದೇ ಹಳೆಯ ಕಾಲದವರ ಗುರುತಾಯಿತು.

ಹೀಗೆ, ಗಾಡಿ ಅಗ್ಗವಾದದ್ದು ಕೊಳ್ಳುವವನ ಭಾಗ್ಯದಿಂದಲ್ಲ, ಸಾಕುವವನ ಕಷ್ಟದಿಂದ. ಹಳಹಳಿಸುವವರು ಮರೆಯುವುದು ಇದನ್ನೇ. ಆನೆಯನ್ನು ಪುಕ್ಕಟೆ ಕೊಡುತ್ತೇನೆಂದು ಒಬ್ಬ ಬಂದರೆ, ಮೊದಲು ಕೇಳಬೇಕಾದ್ದು ಅದರ ಬೆಲೆಯನ್ನಲ್ಲ, ಮೇವನ್ನು.

ಕಾಲನಿಯ ಒಂದು ತಿರುವಿನಲ್ಲಿ ದೊಡ್ಡಪ್ಪ ಕಾರು ನಿಲ್ಲಿಸಲು ಹೇಳಿದರು. "ಇಲ್ಲಿಯೇ ನಿಂತಿತ್ತು," ಎಂದು ತೋರಿಸಿದರು. ಅಲ್ಲಿ ಈಗ ಮೂರು ಸ್ಕೂಟರುಗಳೂ ಒಂದು ಬೆಕ್ಕೂ ಇದ್ದವು.

"ಆಗ ನಿಮ್ಮ ಮನೆ ಎಲ್ಲಿ, ದೊಡ್ಡಪ್ಪ?" ಎಂದು ಕೇಳಿದೆ.

"ಪರೇಲಿನ ಚಾಳಿನಲ್ಲಿ. ಒಂದು ಖೋಲಿ. ಹತ್ತು ಅಡಿ, ಹನ್ನೆರಡು ಅಡಿ."

"ಪ್ಲಿಮತ್ ಎಷ್ಟು ಉದ್ದ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹದಿನಾರು ಅಡಿ," ಎಂದರು. ಮನೆಗಿಂತ ನಾಲ್ಕು ಅಡಿ ಉದ್ದದ ಕಾರು! ಕೊಂಡಿದ್ದರೆ ಗಾಡಿಯೊಳಗೆ ಸಂಸಾರ ಹೂಡಿ ಖೋಲಿಯನ್ನು ಗ್ಯಾರೇಜಿಗೆ ಬಿಡಬೇಕಾಗುತ್ತಿತ್ತು ಎಂದು ದೊಡ್ಡಮ್ಮ ನಕ್ಕರು.

ವಿನೋದ ಹಾಗಿರಲಿ, ಲೆಕ್ಕವನ್ನೂ ಸ್ವಲ್ಪ ನೋಡೋಣ. ಆ ೩,೫೦೦ ರೂಪಾಯಿಯನ್ನು ನೂರಕ್ಕೆ ೮ರ ಚಕ್ರಬಡ್ಡಿಯಲ್ಲಿ ಐವತ್ತು ವರ್ಷ ಬಿಟ್ಟಿದ್ದರೆ ೧ ಲಕ್ಷ ೬೪ ಸಾವಿರವಾಗುತ್ತಿತ್ತು. ಗ್ಯಾರೇಜಿಗೆ ಸರಾಸರಿ ತಿಂಗಳಿಗೆ ೨೦೦ ರೂಪಾಯಿ ಬಾಡಿಗೆಯೆಂದು ಬಹಳ ಉದಾರವಾಗಿ ಹಿಡಿದರೂ ಆರುನೂರು ತಿಂಗಳಿಗೆ ೧ ಲಕ್ಷ ೨೦ ಸಾವಿರ. ಅದರ ಮೇಲೆ ತೆರಿಗೆ, ವಿಮೆ, ಟಯರು, ಬ್ಯಾಟರಿ, ಮಳೆಗಾಲದ ಉಪ್ಪುಗಾಳಿಗೆ ತುಕ್ಕು ಹಿಡಿದ ತಗಡು, ಸಿಗದ ಬಿಡಿಭಾಗ, ಮೆಕ್ಯಾನಿಕನ ಮರ್ಜಿ. ಅದೇ ಹಣಕ್ಕೆ ಚಿನ್ನ ಕೊಂಡಿದ್ದರೆ? ಆಗ ೧೦ ಗ್ರಾಂಗೆ ೫೦೦ ರೂಪಾಯಿಯ ಆಸುಪಾಸು. ೭೦ ಗ್ರಾಂ ಬರುತ್ತಿತ್ತು. ೨೦೨೫ರಲ್ಲಿ ೧೦ ಗ್ರಾಂ ಲಕ್ಷ ರೂಪಾಯಿ ದಾಟಿತು. ಅಂದರೆ ಏಳು ಲಕ್ಷಕ್ಕೆ ಮಿಕ್ಕಿ. ಚಿನ್ನ ಪೆಟ್ರೋಲು ಕುಡಿಯುವುದಿಲ್ಲ, ಗ್ಯಾರೇಜು ಕೇಳುವುದಿಲ್ಲ, ಟ್ರಂಕಿನ ಮೂಲೆಯಲ್ಲಿ ಮಲಗಿರುತ್ತದೆ. ಹಾಗಾದರೆ ಲಾಭದ ದೃಷ್ಟಿಯಿಂದ ಹಳಹಳಿಸುವವನು ಎರಡೆಳೆಯ ಸರಕ್ಕಾಗಿ ಹಳಹಳಿಸಬೇಕೇ ಹೊರತು ಪ್ಲಿಮತ್‌ಗಾಗಿ ಅಲ್ಲ. ಆದರೂ ಯಾರೂ ಚಿನ್ನದ ಕನಸು ಕಂಡು ಹೀಗೆ ಕಣ್ಣು ತೇವ ಮಾಡಿಕೊಳ್ಳುವುದಿಲ್ಲ. ಅವರಿಗೆ ಬೇಕಾದದ್ದು ಲಾಭವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಹಾಗೆಂದು ಕೊಂಡವರೇ ಇರಲಿಲ್ಲವೆಂದಲ್ಲ. ೧೯೭೧ರಲ್ಲಿ ರಾಜಧನ ರದ್ದಾದ ಬಳಿಕ ಸಂಸ್ಥಾನಿಕರ ಲಾಯಗಳಿಂದ ರೋಲ್ಸ್‌ರಾಯ್ಸ್‌ಗಳೂ ಡೈಮ್ಲರ್‌ಗಳೂ ಹೊರಬಿದ್ದವು; ವಿದೇಶೀಯರು ಅವನ್ನು ಸಸಾರದ ಬೆಲೆಗೆ ಕೊಂಡು ಹಡಗು ಹತ್ತಿಸಿದರು. ೧೯೭೦ರ ದಶಕದ ಆರಂಭದಲ್ಲಿ ಸರಕಾರ ಇದಕ್ಕೆ ತಡೆ ಹಾಕಿತು. ೧೯೫೦ಕ್ಕಿಂತ ಮೊದಲಿನ ಗಾಡಿಗಳನ್ನು ದೇಶದಿಂದಾಚೆ ಸಾಗಿಸಲು ನಿರ್ಬಂಧವಿದೆ. ಯಾರಿಗೂ ಬೇಡವಾಗಿದ್ದ ಅಂಥ ಕಾಲದಲ್ಲಿ ಉದ್ಯಮಿ ಪ್ರಾಣಲಾಲ್ ಭೋಗಿಲಾಲ್ ಅವರು ಹಳೆಯ ಕಾರುಗಳನ್ನು ಹುಡುಕಿ ಹುಡುಕಿ ಸಂಗ್ರಹಿಸಿದರು. ಅವರು ೨೦೧೧ರಲ್ಲಿ ತೀರಿಕೊಂಡರು. ನೂರಕ್ಕೂ ಮಿಕ್ಕಿದ ಅವರ ಗಾಡಿಗಳನ್ನು ಅಹಮದಾಬಾದಿನ ಬಳಿಯ ಸಂಗ್ರಹಾಲಯದಲ್ಲಿ ಇಡಲಾಗಿದೆ. ಅವರಿಗೆ ಜಾಗವಿತ್ತು, ಜನವಿತ್ತು. ಸಾಧಾರಣ ಗಾಡಿಯನ್ನು ಉಳಿಸಿಕೊಂಡವರೂ ಉಂಟು. ನಟ ಧರ್ಮೇಂದ್ರರು ೧೯೬೦ರಲ್ಲಿ ೧೮,೦೦೦ ರೂಪಾಯಿಗೆ ಕೊಂಡ ತಮ್ಮ ಮೊದಲನೆಯ ಫಿಯಾಟನ್ನು ೨೦೨೧ರಲ್ಲಿ ಜನರಿಗೆ ತೋರಿಸಿದರು. ಅರುವತ್ತು ವರ್ಷವಾದರೂ ಅದನ್ನು ಅವರು ಮಾರಿರಲಿಲ್ಲ. ಇವರಿಬ್ಬರಲ್ಲಿ ಯಾರನ್ನೂ 'ಅದೃಷ್ಟವಂತರು' ಎಂದು ಸುಮ್ಮನೆ ಹೇಳಿಬಿಡುವಂತಿಲ್ಲ. ಕೊಳ್ಳುವುದು ಒಂದು ದಿನದ ಕೆಲಸ, ಇಟ್ಟುಕೊಳ್ಳುವುದು ಪ್ರತಿದಿನದ್ದು.

ಶೀವ್ ದಾಟಿ ಕುರ್ಲಾಕ್ಕೆ ಬಂದೆವು. ರೈಲ್ವೆ ಹಳಿಯ ಪಶ್ಚಿಮಕ್ಕೆ, ಲಾಲಬಹಾದುರ ಶಾಸ್ತ್ರಿ ಮಾರ್ಗದಿಂದ ಒಳಗೆ, ಪ್ರೀಮಿಯರ್ ರಸ್ತೆ ಎಂಬ ಹೆಸರು ಇನ್ನೂ ಉಳಿದಿದೆ. ಹೆಸರಿಗೆ ಕಾರಣವಾದ ಕಾರ್ಖಾನೆ ಉಳಿದಿಲ್ಲ. ಆ ನೆಲದಲ್ಲಿ ಈಗ ಕತ್ತೆತ್ತಿ ನೋಡಬೇಕಾದ ವಸತಿ ಕಟ್ಟಡಗಳು. ವಾಲ್‌ಚಂದ್ ಹೀರಾಚಂದರು ೧೯೪೪ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್‌ನಿಂದ ೧೯೪೭ರಲ್ಲಿ ಮೊದಲ ಗಾಡಿ ಹೊರಬಂತು. ಕ್ರೈಸ್ಲರ್ ಕಂಪೆನಿಯ ಒಪ್ಪಂದದಿಂದ ಡಾಡ್ಜ್, ಡಿಸೋಟೊ, ಪ್ಲಿಮತ್‌ಗಳು ಇಲ್ಲಿ ಜೋಡಣೆಯಾದವು. ಬಳಿಕ ಇಟಲಿಯ ಫಿಯಾಟ್ ಬಂತು. ಅದೇ ಕಾಲಕ್ರಮದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಎಂದೂ, ೧೯೭೪ರಿಂದ ಪ್ರೀಮಿಯರ್ ಪದ್ಮಿನಿ ಎಂದೂ ಹೆಸರು ತಳೆಯಿತು.

ಈ ಕುರ್ಲಾದ ಕಥೆಯಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಒಂದು ಅಧ್ಯಾಯವಿದೆ, ಕನ್ನಡಿಗರೆಲ್ಲರೂ ತಿಳಿದಿರಬೇಕಾದದ್ದು. ಈ ದೇಶದಲ್ಲೇ ಮೋಟಾರು ತಯಾರಾಗಬೇಕೆಂದು ಮೊದಲು ಹಟ ಹಿಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಪ್ರಮುಖರು. ೧೯೩೫ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪು ಅಮೇರಿಕಗಳಿಗೆ ಹೋಗಿ ಕಾರ್ಖಾನೆಗಳನ್ನು ನೋಡಿಬಂದು, ಮುಂಬಯಿಯಲ್ಲಿ ಒಂದನ್ನು ಸ್ಥಾಪಿಸುವ ಯೋಜನೆ ಸಿದ್ಧಪಡಿಸಿದರು. ವಾಲ್‌ಚಂದರು ಅದನ್ನು ಕೈಗೆತ್ತಿಕೊಂಡರು. ಯುದ್ಧ ಆರಂಭವಾದ ಬಳಿಕ ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿಯೇ ಕಾರ್ಖಾನೆ ತೆರೆಯುವ ಮಾತೂ ನಡೆಯಿತು. ಆದರೆ ಅಂದಿನ ಬ್ರಿಟಿಷ್ ಭಾರತ ಸರಕಾರ ಅದಕ್ಕೆ ಬೆಂಬಲ ಕೊಡಲಿಲ್ಲ. ಮೋಟಾರಿನ ಬದಲು ಬೆಂಗಳೂರಿಗೆ ವಿಮಾನ ಬಂತು: ೧೯೪೦ರ ಡಿಸೆಂಬರಿನಲ್ಲಿ ಮೈಸೂರು ಸರಕಾರವೂ ವಾಲ್‌ಚಂದರೂ ಕೂಡಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಮೋಟಾರು ಮಾತ್ರ ಕುರ್ಲಾಕ್ಕೆ ಹೋಯಿತು.

ಇದನ್ನು ಹೇಳಿದಾಗ ದೊಡ್ಡಪ್ಪ, "ಅಂದರೆ ಬೆಂಗಳೂರಿಗೂ ಒಂದು ಪ್ಲಿಮತ್ ತಪ್ಪಿತು ಅನ್ನು!" ಎಂದು ಸಮಾಧಾನಪಟ್ಟುಕೊಂಡರು. ಬೆಂಗಳೂರು ಅದಕ್ಕಾಗಿ ಅಳುತ್ತಾ ಕೂರಲಿಲ್ಲವಲ್ಲ ಎಂದು ನಾನು ಹೇಳಬೇಕೆಂದಿದ್ದೆ, ಹೇಳಲಿಲ್ಲ.

ಪದ್ಮಿನಿಯ ಉತ್ತರ ಚರಿತ್ರೆ ಮುಂಬಯಿಯವರಿಗೆ ಗೊತ್ತಿದ್ದದ್ದೇ. ಕಪ್ಪು ಹಳದಿ ಬಣ್ಣ ಬಳಿದುಕೊಂಡು ಅದು ಈ ನಗರದ ಟ್ಯಾಕ್ಸಿಯಾಯಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವದ ಸಾರಿಗೆ ಕಚೇರಿಯಲ್ಲಿ ನೋಂದಣಿಯಾದದ್ದು ೨೦೦೩ರ ಅಕ್ಟೋಬರ್ ೨೯ರಂದು. ಟ್ಯಾಕ್ಸಿಗೆ ಇಲ್ಲಿ ೨೦ ವರ್ಷದ ಆಯುಸ್ಸು. ಆದುದರಿಂದ ೨೦೨೩ರ ಅಕ್ಟೋಬರ್ ೩೦ರ ಬೆಳಗಾಗುವಾಗ ಮುಂಬಯಿಯ ರಸ್ತೆಗಳಲ್ಲಿ ಒಂದು ಪದ್ಮಿನಿ ಟ್ಯಾಕ್ಸಿಯೂ ಇರಲಿಲ್ಲ. ಅದಕ್ಕೆ ಒಂದೂವರೆ ತಿಂಗಳ ಹಿಂದಷ್ಟೇ ಬೆಸ್ಟ್‌ನ ಡೀಸೆಲ್ ಡಬಲ್ ಡೆಕ್ಕರ್ ಬಸ್ಸೂ ನಿವೃತ್ತಿ ಹೊಂದಿತ್ತು. ಸಾವಿರಾರು ಪದ್ಮಿನಿಗಳು ಬೀದಿಯಲ್ಲಿದ್ದಾಗ ಅದರ ಬಾಗಿಲನ್ನು ದಡಾರನೆ ಬಡಿದು ಇಳಿದು ಹೋದವರೇ, ಕೊನೆಯದು ಹೋಗುವಾಗ ಫೋಟೋ ತೆಗೆಸಿಕೊಂಡರು.

ಕಾರ್ಖಾನೆಯ ಜಾಗದಿಂದ ಸಿ.ಎಸ್.ಟಿ. ರಸ್ತೆಗೆ ದೂರವಿಲ್ಲ. ಕುರ್ಲಾದಿಂದ ಕಲೀನಾದ ಕಡೆಗೆ ಹೋಗುವ ಈ ರಸ್ತೆಯ ಹೆಸರಿಗೂ ಬೋರಿಬಂದರಿನ ನಿಲ್ದಾಣಕ್ಕೂ ಸಂಬಂಧವಿಲ್ಲ. ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇ ಎಂಬ ರೈಲು ಅಂಧೇರಿಯಿಂದ ತುರ್ಭೆಯವರೆಗೆ ೧೯೨೮ರಿಂದ ೧೯೩೪ರವರೆಗೆ ಓಡಿ ನಿಂತುಹೋಯಿತು. ಅದರ ನೆನಪು ಮೂರು ಅಕ್ಷರಗಳಲ್ಲಿ ಉಳಿದಿದೆ. ಈಗ ಇಲ್ಲಿ ಉದ್ದಕ್ಕೂ ಮೋಟಾರಿನ ಬಿಡಿಭಾಗಗಳ ಅಂಗಡಿಗಳು, ಗುಜರಿಗಳು. ಬಾಗಿಲುಗಳ ಒಟ್ಟಿಲು ಒಂದು ಕಡೆ, ದೀಪಗಳ ರಾಶಿ ಇನ್ನೊಂದು ಕಡೆ, ಮೇಲೆ ತೋರಣ ಕಟ್ಟಿದಂತೆ ಸೈಲೆನ್ಸರುಗಳು. ಕೂಗಳತೆಯಲ್ಲಿ ಹುಟ್ಟಿದ ಗಾಡಿಗಳು ಇಲ್ಲಿ ಬಂದು ಬಿಚ್ಚಿಕೊಂಡು ಕಿಲೋಗಳಾದವು.

ಒಂದು ಅಂಗಡಿಯ ಮುಂದೆ ಉದ್ದ ಮೂತಿಯ ಬಾನೆಟ್ಟೊಂದು ಗೋಡೆಗೆ ಒರಗಿತ್ತು. ಕಾಂಟೆಸಾದ್ದು ಎಂದ ಅಂಗಡಿಯವನು. ನಮ್ಮ ದೇಶದಲ್ಲಿ ಮಸಲ್ ಕಾರಿನ ಚಹರೆ ಹೊತ್ತ ಗಾಡಿ ಯಾವುದೆಂದು ತರುಣರನ್ನು ಕೇಳಿದರೆ ಇದನ್ನೇ ಹೇಳುತ್ತಾರೆ. ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರಿನ ಅಚ್ಚಿನಲ್ಲಿ ಹಿಂದೂಸ್ಥಾನ್ ಮೋಟರ್ಸ್‌ನವರು ೧೯೮೪ರಿಂದ ೨೦೦೨ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿದ್ದು. ಹೊರಗೆ ಪೈಲ್ವಾನನ ಮೈ. ಒಳಗೆ ಮೊದಲು ಅಂಬಾಸಡರಿನ ಎಂಜಿನ್, ಆಮೇಲೆ ಇಸುಜುವಿನ ೧.೮ ಲೀಟರಿನದು. ಕಂಪೆನಿ ನಿಲ್ಲಿಸಿದ ಮೇಲೆ ಎಷ್ಟೋ ವರ್ಷ ಇದನ್ನು ಕೇಳಿದವರಿಲ್ಲ. "ತಗಡಿನ ತೂಕಕ್ಕೆ ಬರುತ್ತಿದ್ದವು. ಎಷ್ಟು ಒಡೆದೆವೋ ಲೆಕ್ಕವಿಲ್ಲ. ಈಗ ವಾರಕ್ಕೊಬ್ಬ ಬಂದು ಇಡೀ ಗಾಡಿ ಇದೆಯಾ ಎಂದು ಕೇಳುತ್ತಾನೆ," ಎಂದು ಅಂಗಡಿಯವನು ಹಿಂದಿಯಲ್ಲಿ ಹೇಳಿದ. ಒಡೆದದ್ದಕ್ಕೆ ಬೇಸರವೇ ಎಂದು ಕೇಳಿದೆ. ಅವನು ಒಳಗೆ ಸ್ಪಾನರು ಹಿಡಿದು ಕುಳಿತಿದ್ದ ಮಗನನ್ನು ತೋರಿಸಿ, "ಒಡೆಯದಿದ್ದರೆ ಇವನು ಓದುತ್ತಿದ್ದನೇ?" ಎಂದ. ಮಗ ರವಿವಾರ ಮಾತ್ರ ಅಂಗಡಿಗೆ ಬರುತ್ತಾನಂತೆ. ಉಳಿದ ದಿನ ಕಾಲೇಜು.

ಹಿಂದಿರುಗುವ ದಾರಿಯಲ್ಲಿ ದೊಡ್ಡಪ್ಪ ಮತ್ತೆ ಪ್ಲಿಮತ್ತಿನ ಮಾತೆತ್ತಿದರು. ಖೋಲಿ ಸಣ್ಣದಾದರೇನಾಯಿತು, ಬೀದಿಯಲ್ಲಿ ನಿಲ್ಲಿಸಬಹುದಿತ್ತು. ಪೆಟ್ರೋಲಿಗೆ ಹೇಗೋ ಆಗುತ್ತಿತ್ತು. ಆ ಬಾವಾಜಿ ಒಳ್ಳೆಯ ಮನುಷ್ಯ, ಕಂತಿನಲ್ಲಿ ಕೊಡು ಎಂದಿದ್ದ. ಇಷ್ಟು ಹೊತ್ತು ಸುಮ್ಮನಿದ್ದ ದೊಡ್ಡಮ್ಮ ಆಗ ಹೇಳಿದರು: "ಕಂತು ಕೊಡಲಿಕ್ಕೆ ದುಡ್ಡು ಇತ್ತೆಂದು ಯಾಕೆ ಹೇಳುತ್ತೀರಿ? ತಿಂಗಳ ಮೊದಲನೆಯ ವಾರವೇ ಅದು ಮನಿಆರ್ಡರಿನಲ್ಲಿ ಸುರತ್ಕಲ್ಲಿಗೆ ಹೋಗುತ್ತಿತ್ತಲ್ಲ."

ಆ ವರ್ಷ ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದವರು ನನ್ನ ತಂದೆ. ಅಣ್ಣ ಕಳಿಸುತ್ತಿದ್ದರೆಂದು ತಂದೆಯವರು ಹೇಳಿದ್ದುಂಟು. ಆದರೆ ಅದೇ ವರ್ಷ ಒಂದು ಪ್ಲಿಮತ್ ಬಾಗಿಲಿಗೆ ಬಂದು ಹಿಂದೆ ಹೋಯಿತೆಂಬುದನ್ನು ಇವೆರಡನ್ನೂ ಸೇರಿಸಿ ನಮ್ಮ ಮನೆಯಲ್ಲಿ ಯಾರೂ ಲೆಕ್ಕ ಹಾಕಿರಲಿಲ್ಲ. ದೊಡ್ಡಪ್ಪ ಕಿಟಕಿಯ ಹೊರಗೆ ನೋಡುತ್ತ, "ಅದು ಬೇರೆ, ಇದು ಬೇರೆ," ಎಂದರು. ಸ್ವಲ್ಪ ಹೊತ್ತಿನ ಬಳಿಕ ಚಹ ಕುಡಿಯೋಣವೆಂದರು.

ಅದು ಬೇರೆಯಲ್ಲ, ಇದು ಬೇರೆಯಲ್ಲ. ನಮ್ಮ ಹಿಂದಿನ ತಲೆಯವರ 'ಇದ್ದರೆ'ಗಳನ್ನು ಕೇಳುವಾಗ ನಾವು ಸಾಮಾನ್ಯವಾಗಿ ಅವರನ್ನು ಸ್ವಲ್ಪ ದಡ್ಡರೆಂದೇ ಭಾವಿಸುತ್ತೇವೆ: ಇಷ್ಟು ಅಗ್ಗಕ್ಕೆ ಸಿಗುವಾಗ ಬಿಟ್ಟರಲ್ಲ ಎಂದು. ಅಂಧೇರಿಯ ಗದ್ದೆಗೂ ಮಾಟುಂಗದ ಪಗಡಿಗೂ ದಾದರಿನ ಪ್ಲಿಮತ್‌ಗೂ ಅಂದು ಹಣವಿದ್ದವರು ಬಹಳ ಮಂದಿ ಇರಲಿಲ್ಲ. ಇದ್ದ ಹಣಕ್ಕೆ ಮೊದಲೇ ವಿಳಾಸ ಬರೆದಾಗಿತ್ತು: ಕುಂದಾಪುರ, ಕುಮಟಾ, ಕಾರ್ಕಳ, ಧಾರವಾಡ. ತಂಗಿಯ ಮದುವೆ, ತಮ್ಮನ ಓದು, ಮಳೆಗೆ ಕುಸಿದ ಮನೆಯ ಗೋಡೆ. ಅವರು ಏನನ್ನೂ ಕೊಳ್ಳಲಿಲ್ಲವೆಂಬ ಮಾತೇ ಸರಿಯಲ್ಲ. ಕೊಂಡದ್ದು ಮೆರವಣಿಗೆಯಲ್ಲಿ ಬರುವಂಥದಲ್ಲ, ಅಷ್ಟೇ.

ಆದರೂ ದೊಡ್ಡಪ್ಪನವರ ಹಳಹಳಿಕೆಯನ್ನು ತಪ್ಪೆನ್ನಲು ನನಗೆ ಮನಸ್ಸು ಬಾರದು. ಒಂದನ್ನು ಬಿಟ್ಟುಕೊಟ್ಟವನಿಗೆ ಅದು ಚೆಲುವಾಗಿತ್ತು ಎಂದು ಹೇಳುವ ಹಕ್ಕಾದರೂ ಬೇಡವೇ? ಅವರು ಹೇಳಲಿ, ನಾವು ಕೇಳೋಣ. ಕೇಳುವಾಗ ಆ ವರ್ಷ ಮನಿಆರ್ಡರು ಎಲ್ಲಿಗೆ ಹೋಗುತ್ತಿತ್ತೆಂದು ಒಮ್ಮೆ ವಿಚಾರಿಸೋಣ.

ಕೊನೆಯದಾಗಿ ತರುಣ ವಾಚಕರಿಗೆ ಒಂದು ಉಪಯೋಗದ ಮಾತು. ನಿಮ್ಮ ಕಟ್ಟಡದ ಹಿಂದೆ, ಹುಣಿಸೆ ಮರದ ಕೆಳಗೆ, ತಾಡಪಾಲು ಹೊದೆದ ಪದ್ಮಿನಿಯೋ ಅಂಬಾಸಡರೋ ಇದ್ದೀತು. ಅದನ್ನು ಗುಜರಿಯವನಿಗೆ ಕೂಗುವ ಮೊದಲು ಗಾಡಿಯ ನೋಂದಣಿ ಪುಸ್ತಕ ಮನೆಯಲ್ಲಿ ಇದೆಯೇ ನೋಡಿರಿ. ಕಾಗದವಿಲ್ಲದ ಗಾಡಿ ಎಷ್ಟು ಚೆಂದವಿದ್ದರೂ ಬರಿಯ ತಗಡು. ೨೦೨೧ರ ಜುಲೈಯ ಕೇಂದ್ರ ಸರಕಾರದ ನಿಯಮದಂತೆ, ೫೦ ವರ್ಷ ಮೀರಿ ಮೂಲರೂಪದಲ್ಲಿ ಉಳಿದ ಗಾಡಿಗೆ ವಿಂಟೇಜ್ ಎಂಬ ಮನ್ನಣೆ ಉಂಟು. ಅದರ ಸಂಖ್ಯೆಯಲ್ಲಿ 'ವಿ.ಎ.' ಎಂಬ ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ ೨೦,೦೦೦ ರೂಪಾಯಿ, ಮರುನೋಂದಣಿಗೆ ೫,೦೦೦. ಅಂಥ ಗಾಡಿಯನ್ನು ಪ್ರದರ್ಶನ, ಮೆರವಣಿಗೆ, ದುರಸ್ತಿ ಮುಂತಾದವಕ್ಕೆ ಹೊರತೆಗೆಯಬಹುದೇ ಹೊರತು ದಿನನಿತ್ಯದ ಕೆಲಸಕ್ಕಲ್ಲ, ಬಾಡಿಗೆಗಂತೂ ಅಲ್ಲವೇ ಅಲ್ಲ. ಜಾಗವಿದೆಯೇ, ಮಳೆಗಾಲಕ್ಕೆ ಮುಂಚೆ ಒಮ್ಮೆ ತೊಳೆದು ಒರೆಸುವ ತಾಳ್ಮೆಯಿದೆಯೇ, ಕಾರ್ಬುರೇಟರು ಬಿಚ್ಚಿ ಜೋಡಿಸಬಲ್ಲ ಹಳೆಯ ಮೇಸ್ತ್ರಿ ಹತ್ತಿರದಲ್ಲಿದ್ದಾನೆಯೇ ಎಂದು ನೋಡಿಕೊಳ್ಳಿರಿ. ಮೂರೂ ಇದ್ದರೆ ಇಟ್ಟುಕೊಳ್ಳಿರಿ. ಇಲ್ಲದಿದ್ದರೆ ಇಟ್ಟುಕೊಳ್ಳಬಲ್ಲವರಿಗೆ ಕೊಟ್ಟುಬಿಡಿರಿ. ಕೊಡುವ ಮೊದಲು ಮನೆಯ ಹಿರಿಯರನ್ನು ಅದರ ಮುಂದೆ ನಿಲ್ಲಿಸಿ ಒಂದು ಫೋಟೋ ತೆಗೆಯಿರಿ, ಅವರಿಗೆ ನೆನಪಾದದ್ದನ್ನು ಬರೆದಿಡಿರಿ. ಅದಕ್ಕೆ ಗ್ಯಾರೇಜು ಬೇಡ.